ಸೊಂಟಕ್ಕೆ ತಗಲಿದ ಭೌತಶಾಸ್ತ್ರ

ನನಗೆ ಆಟ ಬರುವುದಿಲ್ಲ ಎಂದು ಹೇಳುವವರು ಅನೇಕರಿದ್ದಾರೆ. ಅದು ಶುದ್ಧ ಸುಳ್ಳು. ನಾನು ಆಟದ ಹತ್ತಿರ ಹೋದವನಲ್ಲ, ಆಟವೂ ನನ್ನ ಹತ್ತಿರ ಬಂದದ್ದಲ್ಲ. ಹೀಗಾಗಿ ಬರುತ್ತದೋ ಇಲ್ಲವೋ ಎಂಬುದು ನಲವತ್ತೊಂಬತ್ತನೆಯ ವಯಸ್ಸಿನವರೆಗೂ ಪರೀಕ್ಷೆಗೆ ಒಳಪಡದೆ ಉಳಿದಿತ್ತು. ಪರೀಕ್ಷೆಗೆ ಒಳಪಡದ ವಿಷಯದಲ್ಲಿ ಮನುಷ್ಯನಿಗೆ ಎಷ್ಟು ಆತ್ಮವಿಶ್ವಾಸ ಇರಬಹುದೋ ಅಷ್ಟೂ ನನ್ನಲ್ಲಿತ್ತು.

ನಾನು ತಿಪಟೂರಿನ ಒಂದು ಪದವಿ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಕಳೆದ ವರ್ಷ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕರು ಮಂಡಿ ಆಪರೇಷನ್ ಮಾಡಿಸಿಕೊಂಡು ಎರಡು ತಿಂಗಳು ರಜೆ ಹಾಕಿದರು. ಮರುದಿನವೇ ಪ್ರಿನ್ಸಿಪಾಲರಿಂದ ನನಗೆ ಕರೆ ಬಂತು.

"ಹುಡುಗಿಯರ ಸಾಫ್ಟ್‌ಬಾಲ್ ಟೀಮಿಗೆ ನೀವು ಮ್ಯಾನೇಜರ್ ಆಗಿರಿ."

"ಸಾರ್, ನನಗೆ ಸಾಫ್ಟ್‌ಬಾಲ್ ಅಂದ್ರೆ..."

"ನೀವೇನೂ ಮಾಡಬೇಕಾಗಿಲ್ಲ ಕಣ್ರೀ. ಹಾಜರಿ ತಗೊಳ್ಳಿ, ಸಂಜೆ ಹೊತ್ತು ಫೀಲ್ಡಲ್ಲಿ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ಅವರ ಪಾಡಿಗೆ ಅವರು ಆಡ್ಕೋತಾರೆ."

ಈ ಆದೇಶವನ್ನು ನಾನು ಅಕ್ಷರಶಃ ಪಾಲಿಸಿದ್ದರೆ ಇಂದು ಈ ಬರಹ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಪಾಲಿಸಿದೆ. ಎರಡು ದಿನ!

ಮೊದಲನೆಯ ದಿನ ಒಂದು ಚೆಂಡು ಉರುಳಿಕೊಂಡು ಕುರ್ಚಿಯ ಬಳಿ ಬಂತು. ಸಾಫ್ಟ್ ಎಂದರೆ ಮೃದು ಎಂಬ ಇಂಗ್ಲಿಷ್ ಜ್ಞಾನವನ್ನು ನಂಬಿ ಅದನ್ನು ಚಪ್ಪಲಿ ಕಾಲಿನಲ್ಲಿ ತಡೆದೆ. ಆ ಹೆಸರಿಟ್ಟವರು ಯಾರೋ, ಅವರು ಚೆಂಡನ್ನು ಮುಟ್ಟಿ ನೋಡಿರಲಾರರು. ನನ್ನ ಹೆಬ್ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಎರಡನೆಯ ದಿನ ಕಾಲು ಮೇಲೆತ್ತಿ ಕುಳಿತೆ. ಮೂರನೆಯ ದಿನ ನನ್ನ ಕಣ್ಣಿಗೆ ಸವಿತಾ ಬಿದ್ದಳು.

ಸವಿತಾ ನಮ್ಮ ತಂಡದ ಪಿಚರ್, ಅಂದರೆ ಚೆಂಡು ಎಸೆಯುವವಳು. ಕಂದಿಕೆರೆಯ ಕಡೆಯ ಹುಡುಗಿ; ಮನೆಯಲ್ಲಿ ಕುರಿ ಸಾಕುತ್ತಾರೆ. ಕೊನೆಯ ವರ್ಷದ ಬಿ.ಎ. ಓದುತ್ತ ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಮಾತು ಕಡಿಮೆ. ಆದರೆ ಚೆಂಡು ಕೈಗೆ ಬಂತೆಂದರೆ ಅವಳ ಪರವಾಗಿ ಚೆಂಡೇ ಮಾತಾಡುತ್ತಿತ್ತು. ಈ ಆಟದಲ್ಲಿ ಕ್ರಿಕೆಟ್ಟಿನಂತೆ ತಲೆಯ ಮೇಲಿನಿಂದ ಎಸೆಯುವಂತಿಲ್ಲ. ಕೈಯನ್ನು ಮುಂದಿನಿಂದ ಮೇಲಕ್ಕೆತ್ತಿ, ಹಿಂದಕ್ಕೆ ಇಳಿಸಿ, ಹೀಗೆ ಒಂದು ಪೂರ್ತಿ ಸುತ್ತು ತಿರುಗಿಸಿ ಸೊಂಟದ ಪಕ್ಕದಿಂದ ಚೆಂಡನ್ನು ಬಿಡಬೇಕು. ಸವಿತಾಳ ಕೈ ತಿರುಗಿದ್ದು ನನಗೆ ಕಾಣಲಿಲ್ಲ. ಅವಳ ಸೊಂಟದ ಹತ್ತಿರ 'ಟಪ್' ಎಂಬ ಸದ್ದು ಕೇಳಿಸಿತು. ಆಮೇಲೆ ಎದುರಿಗೆ ಕುಕ್ಕರಗಾಲಿನಲ್ಲಿ ಕೂತಿದ್ದ ಕ್ಯಾಚರ್ ನಾಜಿಯಾಳ ಗ್ಲೌಸಿನಲ್ಲಿ 'ಧಡ್' ಎಂಬ ಸದ್ದು ಕೇಳಿಸಿತು. ಎರಡು ಸದ್ದುಗಳ ನಡುವೆ ಚೆಂಡು ಎಲ್ಲಿತ್ತೋ ಚೆಂಡಿಗೇ ಗೊತ್ತು.

ಬೇರೆ ಯಾರಾದರೂ ಆಗಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ನಾನು ಭೌತಶಾಸ್ತ್ರದವನು. ನನ್ನ ಗಮನ ಹೋದದ್ದು 'ಟಪ್' ಕಡೆಗೆ!

"ಏನಮ್ಮ ಅದು ಸದ್ದು?"

"ಕೈ ಸೊಂಟಕ್ಕೆ ತಗುಲ್ತದೆ ಸಾರ್."

"ಪ್ರತೀ ಸಲ?"

"ಪ್ರತೀ ಸಲ್ವೂ ಸಾರ್. ನೋಡಿ." ಅವಳು ಮುಂಗೈ ತೋರಿಸಿದಳು. ಮೊಣಕೈಯಿಂದ ಸ್ವಲ್ಪ ಕೆಳಗೆ ಚರ್ಮ ಕಪ್ಪಗೆ ಗಟ್ಟಿಯಾಗಿತ್ತು.

ಕೈ ಸೊಂಟಕ್ಕೆ ತಗಲುತ್ತದೆ ಎಂದರೆ ಘರ್ಷಣೆ. ಘರ್ಷಣೆ ಎಂದರೆ ಶಕ್ತಿಯ ನಷ್ಟ. ಇಷ್ಟು ನಷ್ಟವಾಗಿಯೂ ಇಂಥ ವೇಗ ಬರುತ್ತಿದ್ದರೆ, ನಷ್ಟವನ್ನು ತಪ್ಪಿಸಿದರೆ? ನನ್ನ ಮೈ ಜುಮ್ಮೆಂದಿತು. ತುರುವೇಕೆರೆಯಲ್ಲಿ ಅಂತರಕಾಲೇಜು ಪಂದ್ಯಕ್ಕೆ ಇನ್ನು ಮೂರು ವಾರವಿತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಆಟಗಾರ್ತಿಯರನ್ನು ಆರಿಸಲು ಅಲ್ಲಿಗೆ ಒಬ್ಬ ಮೇಡಂ ಬರುವವರಿದ್ದರು. ಆ ತಂಡಕ್ಕೆ ಸೇರಿದರೆ ಸವಿತಾಳಿಗೆ ಕ್ರೀಡಾ ಕೋಟಾದಲ್ಲಿ ದೈಹಿಕ ಶಿಕ್ಷಣದ ಬಿ.ಪಿ.ಎಡ್. ಸೀಟು ಸಿಗಬಹುದು, ಮನೆಯವರೂ ಮುಂದಕ್ಕೆ ಓದಿಸಲು ಒಪ್ಪಿದ್ದಾರೆ ಎಂದು ನಾಜಿಯಾ ಹೇಳಿದಳು. ಅಂದರೆ ಸವಿತಾಳ ಭವಿಷ್ಯ ಮತ್ತು ಭೌತಶಾಸ್ತ್ರದ ಮಾನ, ಎರಡೂ ನನ್ನ ಹೆಗಲ ಮೇಲೆ. ನಾನಾಗಿಯೇ ಎಳೆದು ಹಾಕಿಕೊಂಡದ್ದು!

ಮೊದಲು ದಾಖಲೆ ಬೇಕು. ಮೈದಾನದ ಅಂಚಿನ ತೆಂಗಿನ ಮರಕ್ಕೆ ಮೊಬೈಲನ್ನು ಹುರಿಹಗ್ಗದಲ್ಲಿ ಕಟ್ಟಿ ನಿಧಾನಗತಿಯ ವಿಡಿಯೋ ತೆಗೆದೆ. ಕೀಲುಗಳು ಸ್ಪಷ್ಟವಾಗಿ ಕಾಣಲಿ ಎಂದು ಗುರುತು ಹಚ್ಚುವ ವ್ಯವಸ್ಥೆಯನ್ನೂ ಮಾಡಿದೆ. ಅಂದು ಸಂಜೆ ಮನೆಯಲ್ಲಿ ನನ್ನ ಹೆಂಡತಿ ಪ್ರೇಮಾ ಕೇಳಿದಳು:

"ರೀ, ಕನ್ನಡಿ ಹತ್ರ ನನ್ನ ಹಣೆಗಿಡೋ ಸ್ಟಿಕ್ಕರ್ ಪ್ಯಾಕೆಟ್ ಇತ್ತಲ್ಲ, ಕಂಡ್ರಾ?"

"ನಾನೇ ತಗೊಂಡೆ ಕಣೇ. ಭುಜಕ್ಕೊಂದು, ಮೊಣಕೈಗೊಂದು, ಮಣಿಕಟ್ಟಿಗೊಂದು, ಸೊಂಟಕ್ಕೊಂದು ಹಚ್ಚಿಸಿದೆ."

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು.

"ಯಾರ ಸೊಂಟಕ್ಕೆ?"

ಹಚ್ಚಿದ್ದು ನಾನಲ್ಲ ನಾಜಿಯಾ, ಹಚ್ಚಿದ್ದು ಮೈಗಲ್ಲ ಜೆರ್ಸಿಗೆ, ಉದ್ದೇಶ ಅಲಂಕಾರವಲ್ಲ ಸಂಶೋಧನೆ ಎಂಬ ಮೂರು ಅಂಶಗಳನ್ನು ಸಾಬೀತುಪಡಿಸಲು ನನಗೆ ಅರ್ಧ ಗಂಟೆ ಹಿಡಿಯಿತು. ಸಾಕ್ಷಿಗಾಗಿ ವಿಡಿಯೋವನ್ನು ಟಿವಿಗೆ ಜೋಡಿಸಿ ತೋರಿಸಿದೆ. ತೋರಿಸುತ್ತ ತೋರಿಸುತ್ತ ಉತ್ಸಾಹ ಬಂದು, ಚಿತ್ರವನ್ನು ನಿಲ್ಲಿಸಿ, ಕೋನಮಾಪಕ ಹಿಡಿದು ಟಿವಿಯ ಮೇಲೆಯೇ ಗೆರೆ ಎಳೆದೆ. ಕಾಲೇಜಿನ ಬೋರ್ಡಿನ ಮೇಲೆ ಬರೆಯುವ ಮಾರ್ಕರ್ ಎಂದುಕೊಂಡಿದ್ದೆ. ಅದು ಪಾರ್ಸೆಲ್ ಮೇಲೆ ವಿಳಾಸ ಬರೆಯುವ ಮಾರ್ಕರ್! ಇಂದಿಗೂ ನಮ್ಮ ಮನೆಯಲ್ಲಿ ಧಾರಾವಾಹಿಯ ಅತ್ತೆ ಪರದೆಯ ಎಡಭಾಗಕ್ಕೆ ಬಂದರೆ ಆಕೆಯ ಮೂಗಿನ ಮೇಲೆ ಒಂದು ತ್ರಿಕೋನ ಬರುತ್ತದೆ.

"ನೋಡಿ," ಎಂದಳು ಪ್ರೇಮಾ, ಒದ್ದೆ ಬಟ್ಟೆಯಲ್ಲಿ ತ್ರಿಕೋನವನ್ನು ಉಜ್ಜುತ್ತ. "ಆ ಹುಡುಗಿ ಚೆನ್ನಾಗೇ ಎಸೀತಾಳೆ. ಸುಮ್ನೆ ಬುಟ್ಬುಡಿ. ಹೋದ್ಸಲ ಮುದ್ದೆ ಕೋಲು ಹಿಡಿಯೋ ಕೋನ ಸರಿ ಇಲ್ಲ ಅಂತ ನಂಗೆ ಹೇಳಿಕೊಟ್ರಿ. ಮೂರು ದಿನ ಗಂಟುಗಂಟು ಮುದ್ದೆ ನುಂಗಿದ್ವಿ."

"ಅದು ಹಿಟ್ಟಿನ ದೋಷ."

"ಹಿಟ್ಟು ಅದೇ ಹಿಟ್ಟು. ಮೇಷ್ಟ್ರು ಹೊಸಬರು."

ಸಂಶೋಧಕರಿಗೆ ಮನೆಯಿಂದ ಪ್ರೋತ್ಸಾಹ ಸಿಕ್ಕಿದ ಉದಾಹರಣೆ ಕಡಿಮೆ ಎಂದು ಸಮಾಧಾನ ಮಾಡಿಕೊಂಡು ವರದಿ ಬರೆಯಲು ಕುಳಿತೆ. ಹನ್ನೊಂದು ಪುಟ! ಸ್ಪೈರಲ್ ಬೈಂಡಿಂಗ್ ಮಾಡಿಸಿ ಸವಿತಾಳ ಕೈಗೆ ಕೊಟ್ಟೆ. ಅದರ ಸಾರಾಂಶ ಇಷ್ಟೇ: ಕೈ ಸೊಂಟದಿಂದ ಒಂದು ಗೇಣು ದೂರದಲ್ಲಿ, ಎಲ್ಲಿಯೂ ತಗಲದೆ, ಸರಾಗವಾಗಿ ಸಾಗತಕ್ಕದ್ದು.

ಸವಿತಾ ಪುಟ ತಿರುವಿ ನೋಡಿದಳು. "ಸಾರ್, ಅಲ್ಲಿ ತಗುಲ್ದೇ ಇದ್ರೆ ಚೆಂಡು ಯಾವಾಗ ಬುಡ್ಬೇಕು ಅಂತ ಗೊತ್ತಾಗಲ್ಲ ಸಾರ್."

"ಅಭ್ಯಾಸ ಮಾಡಿದ್ರೆ ಗೊತ್ತಾಗುತ್ತೆ. ಇದು ನಾನು ಹೇಳ್ತಿರೋದಲ್ಲಮ್ಮ, ವಿಜ್ಞಾನ ಹೇಳ್ತಿರೋದು."

ನಾಜಿಯಾ ಬಾಯಿ ತೆರೆದಳು. ಸವಿತಾ ಅವಳ ಕೈ ಒತ್ತಿದಳು. "ಇರ್ಲಿ ಕಣೇ. ಸೈನ್ಸ್ ಮೇಷ್ಟ್ರು ಇಷ್ಟು ಕಷ್ಟಪಟ್ಟು ಬರೆದವ್ರೆ ಅಂದ್ಮೇಲೆ ಸರಿಯಾಗೇ ಇರ್ತದೆ."

ಆ ಮಾತು ಕೇಳಿ ನನಗೆ ಆಗ ಹೆಮ್ಮೆಯಾಯಿತು. ಈಗ ನೆನೆದರೆ ಕೂತಲ್ಲಿ ಕೂರಲಾಗುವುದಿಲ್ಲ.

ಮರೆತು ಕೈ ತಗಲಿಸದಿರಲಿ ಎಂದು ಅವಳ ಸೊಂಟಕ್ಕೆ ಒಂದು ಒಣಗಿದ ಕಾಯಿಸಿಪ್ಪೆಯನ್ನು ದುಪಟ್ಟಾದಲ್ಲಿ ಕಟ್ಟಿಸಿದೆ. ತಗಲಿದರೆ ನಾರು ಚುಚ್ಚಬೇಕು, ಕೈ ತಾನಾಗಿ ದೂರ ಹೋಗಬೇಕು. ಕೈ ದೂರ ಹೋಯಿತು. ಚೆಂಡು ಅದಕ್ಕಿಂತ ದೂರ ಹೋಯಿತು! ಒಂದು ನಾಜಿಯಾಳ ತಲೆಯ ಮೇಲೆ, ಒಂದು ಸೈಕಲ್ ಸ್ಟ್ಯಾಂಡಿಗೆ, ಒಂದು ಕಾಂಪೌಂಡ್ ಹಾರಿ ತೋಟಕ್ಕೆ. ಪ್ರತಿ ಎಸೆತಕ್ಕೂ ನಾನು ಪುಸ್ತಕದಲ್ಲಿ 'ಸುಧಾರಣೆಯ ಹಾದಿಯಲ್ಲಿದೆ' ಎಂದು ಬರೆದೆ. ಒಂದು ವಾರ ಕಳೆದರೂ ಹಾದಿ ಮುಗಿಯಲಿಲ್ಲ.

"ಸಾರ್, ನೀವೊಂದ್ಸಲ ಎಸೆದು ತೋರ್ಸಿ ಸಾರ್," ಎಂದಳು ನಾಜಿಯಾ. ಅವಳ ಮುಖದಲ್ಲಿ ಭಕ್ತಿ ಇತ್ತೋ ಬೇರೇನಿತ್ತೋ ತಿಳಿಯಲಿಲ್ಲ.

"ಸೋಮವಾರ," ಎಂದೆ.

ಸೋಮವಾರ ತೋರಿಸಬೇಕಾದರೆ ಅದಕ್ಕೆ ಮೊದಲು ಕಲಿಯಬೇಕು. ಭಾನುವಾರ ಬೆಳಿಗ್ಗೆ ಹಿತ್ತಲಿನಲ್ಲಿ ಪ್ರೇಮಾಳನ್ನು ಎದುರಿಗೆ ನಿಲ್ಲಿಸಿದೆ. ಗ್ಲೌಸ್ ಇರಲಿಲ್ಲ, ಅವಳು ಮುಂಜಾಗ್ರತೆಯಾಗಿ ಮೊರ ಹಿಡಿದು ನಿಂತಳು.

"ಮುಖಕ್ಕೆ ಹೊಡೀಬೇಡಿ."

"ಗಣಿತ ಹಾಕಿದ್ದೀನಿ ಕಣೇ. ನಿನ್ನ ಮಂಡಿಗೂ ಎದೆಗೂ ಮಧ್ಯೆ ಬರುತ್ತೆ."

ಕೈ ಎತ್ತಿದೆ. ಸುತ್ತು ಹಾಕಿದೆ. ಭುಜದೊಳಗೆ ಏನೋ 'ಲಟಕ್' ಎಂದಿತು. ಗಡಿಯಾರದ ಲೆಕ್ಕದಲ್ಲಿ ಹೇಳುವುದಾದರೆ ಚೆಂಡನ್ನು ಆರು ಗಂಟೆಯ ಜಾಗದಲ್ಲಿ ಬಿಡಬೇಕಿತ್ತು. ನಾನು ಹನ್ನೆರಡಕ್ಕೆ ಐದು ನಿಮಿಷ ಇರುವಾಗಲೇ ಬಿಟ್ಟಿದ್ದೆ. ಪ್ರೇಮಾ ಮೊರದ ಹಿಂದೆ ಕಣ್ಣು ಮುಚ್ಚಿ ಕಾಯುತ್ತಿದ್ದಳು. ಚೆಂಡು ನನ್ನ ಬೆನ್ನ ಹಿಂದಕ್ಕೆ ಹಾರಿ, ಗೋಡೆ ದಾಟಿ, ಪಕ್ಕದ ಪುಟ್ಟಸ್ವಾಮಣ್ಣನ ಹಳೇ ಹೆಂಚಿನ ಮನೆಯ ಮೇಲೆ ಇಳಿಯಿತು. 'ಫಟಾರ್!' ಆಮೇಲೆ ಒಳಗಿನಿಂದ 'ಲೊಟಕ್, ಲೊಟಕ್, ಲೊಟಕ್.'

"ಬಂತಾ?" ಎಂದಳು ಪ್ರೇಮಾ, ಕಣ್ಣು ಮುಚ್ಚಿಕೊಂಡೇ.

ಪುಟ್ಟಸ್ವಾಮಣ್ಣ ಎಪ್ಪತ್ತು ದಾಟಿದ ತೆಂಗಿನ ಬೆಳೆಗಾರ. ಉಂಡೆ ಕೊಬ್ಬರಿಯಾಗಲೆಂದು ಅವರು ಅಟ್ಟದ ಮೇಲೆ ಕಾಯಿಗಳನ್ನು ವರ್ಷಗಟ್ಟಲೆ ಬಿಡುತ್ತಿದ್ದರು. ಹೆಂಚು ಒಡೆದು ಚೆಂಡು ಬಿದ್ದದ್ದು ಆ ಅಟ್ಟಕ್ಕೆ. ಕೆಂಪು ಮಣ್ಣಿನಲ್ಲಿ ವಾರವೆಲ್ಲ ಹೊರಳಿ ಆ ಚೆಂಡು ಬಣ್ಣದಲ್ಲೂ ಗಾತ್ರದಲ್ಲೂ ಒಣಗಿದ ಕಾಯಿಯಂತೆಯೇ ಆಗಿತ್ತು. ಅಂಥ ಸಾವಿರಾರು ಕಾಯಿಗಳ ನಡುವೆ ಅದನ್ನು ಹುಡುಕಬೇಕು. ಕಾಲೇಜಿನ ಸ್ಟಾಕ್ ಪುಸ್ತಕದಲ್ಲಿ ನಮೂದಾದ ಚೆಂಡು, ಬಿಟ್ಟು ಬರುವಂತಿಲ್ಲ. ಏಣಿ ಹತ್ತಿದೆ.

"ಮೇಷ್ಟ್ರೇ, ಕಾಯಿ ಕದಲುಸ್ಬೇಡಿ ಮತ್ತೆ!" ಎಂದರು ಕೆಳಗಿನಿಂದ ಪುಟ್ಟಸ್ವಾಮಣ್ಣ.

"ಕದಲಿಸದೆ ಹೇಗೆ ಹುಡುಕಲಿ ಪುಟ್ಟಸ್ವಾಮಣ್ಣ?"

"ನೀವು ಸೈನ್ಸ್ ಓದ್ದೋರು, ನಂಗೇನು ಗೊತ್ತು."

ಎರಡು ಗಂಟೆ ಅಂಬೆಗಾಲಿನಲ್ಲಿ ಹುಡುಕಿದೆ. ಭುಜ ಮೇಲೇಳುತ್ತಿರಲಿಲ್ಲ, ಮೂಗಿನ ತುಂಬ ಜೇಡರ ಬಲೆ. ಕೊನೆಗೆ ಪುಟ್ಟಸ್ವಾಮಣ್ಣನೇ ಮೇಲೆ ಬಂದರು. ಒಂದೊಂದನ್ನೇ ಎತ್ತಿ ಕಿವಿಯ ಬಳಿ ಅಲುಗಾಡಿಸಿ ಸ್ವಸ್ಥಾನದಲ್ಲಿ ಇಡುತ್ತ ಬಂದು, ಹತ್ತನೆಯದನ್ನೋ ಹನ್ನೆರಡನೆಯದನ್ನೋ ನನ್ನ ಕೈಗೆ ಕೊಟ್ಟರು.

"ತಗಳಿ ಮೇಷ್ಟ್ರೇ. ಇದ್ರಲ್ಲಿ ನೀರೂ ಇಲ್ಲ, ಕೊಬ್ಬರಿನೂ ಇಲ್ಲ. ಇದು ನಿಮ್ದೇ ಇರ್ಬೇಕು."

ಸೋಮವಾರ ನಾನು ಭುಜದ ನೋವಿಗೆ ಕೈಯನ್ನು ಕೊರಳಿನಿಂದ ಬಟ್ಟೆಯ ಜೋಳಿಗೆಯಲ್ಲಿ ಕಟ್ಟಿಕೊಂಡು ಮೈದಾನಕ್ಕೆ ಹೋದೆ. ನಾಜಿಯಾ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿರುತ್ತಿತ್ತು. ಅಷ್ಟಾದರೂ ನನ್ನ ಸಿದ್ಧಾಂತದ ಮೇಲೆ ನನಗೆ ಅನುಮಾನ ಬರಲಿಲ್ಲ ಎಂಬುದನ್ನು ಇಲ್ಲಿ ವಿಷಾದದಿಂದ ದಾಖಲಿಸುತ್ತೇನೆ. ನನ್ನದು ಭುಜದ ಸಮಸ್ಯೆ, ಸಿದ್ಧಾಂತದ್ದಲ್ಲ! ಉಳಿದ ದಿನಗಳೂ ಸಿಪ್ಪೆ ಕಟ್ಟಿಕೊಂಡೇ ಸವಿತಾ ಎಸೆದಳು. ಹತ್ತರಲ್ಲಿ ನಾಲ್ಕು ನೆಟ್ಟಗೆ ಹೋಗತೊಡಗಿದವು, ಆದರೆ ಆ ವೇಗ ಎಲ್ಲಿಗೋ ಹೋಗಿತ್ತು. ಬಸ್ಸಿಗೆ ಹೊರಡುವಾಗ ಅವಳು ಚೀಲವನ್ನು ಎದೆಗೆ ಅವಚಿಕೊಂಡು ತಲೆ ತಗ್ಗಿಸಿ ನಡೆಯುತ್ತಿದ್ದಳು. ಆಯಾಸ ಇರಬೇಕು ಎಂದುಕೊಂಡೆ.

ಪಂದ್ಯದ ದಿನ ಬಂತು. ತುರುವೇಕೆರೆಯ ಮೈದಾನದಲ್ಲಿ ಶಾಮಿಯಾನ, ಸ್ಕೋರ್ ಬೋರ್ಡು, ಮುಂದಿನ ಸಾಲಿನಲ್ಲಿ ತಲೆಗೆ ಬಿಳಿ ಟೋಪಿ ಹಾಕಿಕೊಂಡ ಆಯ್ಕೆಯ ಮೇಡಂ. ಸೊಂಟದ ಸಿಪ್ಪೆಯನ್ನು ನಿಯಮದ ಪ್ರಕಾರ ಬಿಚ್ಚಿಸಬೇಕಾಯಿತು. "ಸಿಪ್ಪೆ ಇಲ್ಲ ಅಂತ ಕೈ ತಗುಲಿಸಬೇಡ," ಎಂದು ಸವಿತಾಳಿಗೆ ಎಚ್ಚರಿಸಿ ಕಳಿಸಿದೆ.

ಮೊದಲು ಎದುರಾಳಿಗಳ ಬ್ಯಾಟಿಂಗ್. ಮೊದಲ ಹುಡುಗಿ ಬಂದಳು. ಸವಿತಾ ಎಸೆದಳು, ಚೆಂಡು ಆಚೆ ಹೋಯಿತು. ಎಸೆದಳು, ಈಚೆ ಹೋಯಿತು. ನಾಲ್ಕನೆಯದಾದ ಮೇಲೆ ಆ ಹುಡುಗಿ ಬ್ಯಾಟನ್ನು ಕೆಳಗಿಟ್ಟು ನಡೆದುಕೊಂಡು ಹೊರಟುಹೋದಳು.

"ಹೆದರಿದಳು!" ಎಂದು ಪಕ್ಕದಲ್ಲಿ ಕೂತಿದ್ದವರಿಗೆ ಹೇಳಿದೆ.

ಎರಡನೆಯವಳೂ ಹಾಗೆಯೇ ಬ್ಯಾಟ್ ಇಟ್ಟು ಹೊರಟಳು. ಮೂರನೆಯವಳೂ! ನಾನು ಒಂದೇ ಕೈಯಲ್ಲಿ ತೊಡೆ ತಟ್ಟಿದೆ. "ನೋಡಿದ್ರಾ, ಒಬ್ಬಳಾದರೂ ಹೊಡೆಯೋಕೆ ಧೈರ್ಯ ಮಾಡಲಿ!"

ಪಕ್ಕದವರು ನನ್ನನ್ನು ಕನಿಕರದಿಂದ ನೋಡಿ ವಿವರಿಸಿದರು. ನಾಲ್ಕು ಎಸೆತ ತಪ್ಪಿದರೆ ಬ್ಯಾಟಿನವಳಿಗೆ ಅಂಕಣದ ಮೊದಲನೆಯ ಮೂಲೆ, ಅಂದರೆ ಬೇಸು, ಪುಕ್ಕಟೆ. ಹಿಂದಿನವಳು ಬಂದರೆ ಮುಂದಿನವಳು ಒಂದು ಮೂಲೆ ಮುಂದಕ್ಕೆ. ನಾಲ್ಕು ಮೂಲೆ ಸುತ್ತಿದರೆ ಒಂದು ರನ್ನು. ಅವರು ಹೇಳಿ ಮುಗಿಸುವಷ್ಟರಲ್ಲಿ ನಾಲ್ಕನೆಯವಳೂ ನಡೆದಳು. ಮೊದಲಿನವಳು ಆರಾಮವಾಗಿ, ಸಂತೆಗೆ ಹೋಗುವವಳಂತೆ, ಸುತ್ತು ಮುಗಿಸಿ ಒಳಗೆ ಬಂದಳು. ಹೀಗೆಯೇ ಎರಡು. ಹೀಗೆಯೇ ಮೂರು. ಅವರ ಕಡೆ ಯಾರ ಬ್ಯಾಟಿಗೂ ಚೆಂಡು ಮುಟ್ಟಿರಲಿಲ್ಲ. ಚೆಂಡು ಮುಟ್ಟಿದ್ದು ಅಂಪೈರ್ ಮಂಡಿಗೆ ಮಾತ್ರ. ಆಯ್ಕೆಯ ಮೇಡಂ ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

ನಾಜಿಯಾ ಅಂಪೈರ್ ಹತ್ತಿರ ಟೈಂ-ಔಟ್ ಕೇಳಿ, ಸವಿತಾಳ ರಟ್ಟೆ ಹಿಡಿದು ನನ್ನ ಬಳಿ ಎಳೆದುಕೊಂಡು ಬಂದಳು.

"ಹೇಳೇ. ನೀನೇ ಹೇಳು."

ಸವಿತಾ ನೆಲ ನೋಡುತ್ತ ನಿಂತಳು. ಕಣ್ಣು ಕೆಂಪಾಗಿತ್ತು. "ಸಾರ್... ಬೇಜಾರ್ ಮಾಡ್ಕಬೇಡಿ. ಒಂದೇ ಒಂದ್ಸಲ ತಗುಲುಸ್ಲಾ ಸಾರ್?"

ಆಯ್ಕೆಯಿಂದ ಹೊರಗೆ ಬೀಳುವ ಹೊತ್ತಿನಲ್ಲಿ, ತನ್ನ ಕೈಯನ್ನು ತನ್ನ ಸೊಂಟಕ್ಕೆ ತಗಲಿಸಲು ಆ ಹುಡುಗಿ ನನ್ನ ಅಪ್ಪಣೆ ಕೇಳುತ್ತಿದ್ದಳು! ಎರಡು ವರ್ಷ ಬಿಸಿಲಿನಲ್ಲಿ ಕಲಿತದ್ದನ್ನು, ಎರಡು ದಿನ ಕುರ್ಚಿಯಲ್ಲಿ ಕೂತವನ ಮಾತಿಗೆ ಬಿಟ್ಟುಕೊಟ್ಟಿದ್ದಳು. ಅದೂ ನನ್ನ ಮೇಲಿನ ಗೌರವಕ್ಕೆ. ಹನ್ನೊಂದು ಪುಟದಲ್ಲಿ ಈ ಸಂದರ್ಭಕ್ಕೆ ಒಂದು ಸಾಲೂ ಇರಲಿಲ್ಲ.

"ತಗುಲಿಸಮ್ಮ," ಎಂದೆ.

"ಒಂದ್ಸಲನಾ ಸಾರ್?"

"ಎಷ್ಟು ಸಲ ಬೇಕೋ ಅಷ್ಟು ಸಲ. ನಾನು ಬರೆದದ್ದು ತಪ್ಪು."

ಅವಳು ಓಡಿದಳು. ತನ್ನ ಜಾಗದಲ್ಲಿ ನಿಂತು ಒಂದು ಉಸಿರು ಬಿಟ್ಟಳು. ಕೈ ಸುತ್ತಿತು.

ಟಪ್. ಧಡ್!

ಬ್ಯಾಟಿನವಳು ಚೆಂಡು ಹೋದ ಮೇಲೆ ಬ್ಯಾಟು ಬೀಸಿದಳು. ಅವಳೂ, ಆಮೇಲೆ ಬಂದ ಇಬ್ಬರೂ ಬರಿಗೈಯಲ್ಲಿ ಹೋದರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು. ಮುಂದೆ ಇಡೀ ಪಂದ್ಯದಲ್ಲಿ ಎದುರಾಳಿಗಳಿಗೆ ಒಂದು ರನ್ನೂ ಬರಲಿಲ್ಲ. ನಮ್ಮವರು ಹೋರಾಡಿ ಎರಡು ರನ್ನು ತಂದರು. ಮೂರಕ್ಕೆ ಎರಡು. ಸೋತೆವು. ಆ ಮೂರು ರನ್ನು ಯಾರ ಖಾತೆಯದೆಂದು ತಂಡದ ಒಬ್ಬ ಹುಡುಗಿಯೂ ಬಾಯಿಬಿಟ್ಟು ಹೇಳಲಿಲ್ಲ. ಎಲ್ಲರೂ ನನಗೆ ನೀರು ತಂದುಕೊಟ್ಟರು. ಅದು ಇನ್ನೂ ಕಷ್ಟವಾಗಿತ್ತು.

ಪಂದ್ಯ ಮುಗಿದ ಮೇಲೆ ಆಯ್ಕೆಯ ಮೇಡಂ ನೆಟ್ಟಗೆ ನಮ್ಮ ಕಡೆ ಬಂದರು. ಸವಿತಾಳ ಬೆನ್ನು ತಟ್ಟಿ, "ಮುಂದಿನ ಸೋಮವಾರ ಕ್ಯಾಂಪಿಗೆ ಬಾಮ್ಮ, ಹೆಸರು ಬರ್ಕೊಂಡಿದೀನಿ," ಎಂದರು. ನಾಜಿಯಾ ಕಿರುಚಿದಳು. ಸವಿತಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು. ನನಗೂ ಕಣ್ಣು ತುಂಬಿ ಬಂತು. ಭುಜ ನೋವು ಎಂದು ಹೇಳಿಕೊಂಡೆ.

ಆಮೇಲೆ ಮೇಡಂ ನನ್ನ ಕಡೆ ತಿರುಗಿದರು.

"ಮೊದಲು ಯಾಕೆ ಸಾರ್ ಕೈ ದೂರ ಇಟ್ಟುಕೊಂಡು ಎಸೀತಿದ್ದಳು? ಸೊಂಟದ ಹತ್ರ ತೋಳು ತಟಕ್ಕಂತ ತಡೆದು ನಿಂತಾಗ ತಾನೇ ಆ ರಭಸವೆಲ್ಲ ಮುಂಗೈಗೆ, ಬೆರಳ ತುದಿಗೆ ಹೋಗೋದು? ಚಾವಟಿ ಹಾಗೇ ಅಲ್ವಾ? ಹಿಡಿ ನಿಂತರೆ ತುದಿ ಸಿಡಿಯುತ್ತೆ. ಕುರಿ ಕಾಯೋ ಮಕ್ಕಳಿಗೂ ಗೊತ್ತಿರುತ್ತೆ."

ಗೊತ್ತಿತ್ತು. ನನಗೂ ಗೊತ್ತಿತ್ತು! ಚಲನೆಯ ರಭಸ ಒಂದು ಭಾಗದಿಂದ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂಬ ಪಾಠವನ್ನು ಇಪ್ಪತ್ತೆರಡು ವರ್ಷದಿಂದ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಅಳಿಸಿ, ಬರೆದು ಬಂದವನು ನಾನು.

"ಅಂದ ಹಾಗೆ, ನೀವು ಯಾವ ಸಬ್ಜೆಕ್ಟು ಸಾರ್?"

ಬದುಕಿನಲ್ಲಿ ಮನುಷ್ಯ ತನ್ನ ವಿಷಯದ ಮಾನ ಕಾಪಾಡಬೇಕಾದ ಗಳಿಗೆ ಬರುತ್ತದೆ.

"ಇತಿಹಾಸ," ಎಂದೆ.

ಮೇಡಂ ಮುಖ ಅರಳಿತು. "ಅಯ್ಯೋ, ನಾನೂ ಇತಿಹಾಸವೇ ಸಾರ್! ನಿಮ್ಮದು ಪ್ರಾಚೀನವೋ ಆಧುನಿಕವೋ?"

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಸವಿತಾಳ ದನಿ ಕೇಳಿಸಿತು. ಮೂರು ವಾರದಲ್ಲಿ ಅವಳು ಅಷ್ಟು ಗಟ್ಟಿಯಾಗಿ, ಅಷ್ಟು ಹೆಮ್ಮೆಯಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ಇಲ್ಲ ಮೇಡಂ, ನಮ್ ಸಾರು ಫಿಸಿಕ್ಸು! ಕೈ ತಗುಲ್ಬಾರ್ದು ಅಂತ ಹನ್ನೊಂದು ಪುಟ ಬರೆದವ್ರೆ!"

ಮೇಡಂ ನನ್ನನ್ನು ನೋಡಿದರು. ನನ್ನ ಜೋಳಿಗೆ ಕಟ್ಟಿದ ಕೈಯನ್ನು ನೋಡಿದರು. ನಗು ತಡೆಯಲು ಟೋಪಿಯನ್ನು ಬಾಯಿಗೆ ಅಡ್ಡ ಹಿಡಿದರು, ಆಗಲಿಲ್ಲ. ಕೊನೆಗೆ ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು.

ನಮ್ಮ ತಂಡ ಸೋತದ್ದು ಒಂದು ರನ್ನಿನಿಂದ ಎಂದು ಸ್ಕೋರ್ ಬೋರ್ಡಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ನಾನು ಎಷ್ಟರಿಂದ ಸೋತೆ ಎಂದು ಬರೆಯಲು ಅದರಲ್ಲಿ ಜಾಗವಿರಲಿಲ್ಲ.